ಸಂಘದ ಪಿಕಪ್ಪಿನ ಹೀಟರ್ ಫ್ಯಾನು: ಕೆಟ್ಟದ್ದು ಎಲ್ಲಿ, ಸರಿಪಡಿಸುವುದು ಹೇಗೆ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಮಾಹಿತಿ ಶಿಬಿರದಲ್ಲಿ ವಾಹನ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ 25 ವರ್ಷ ತುಂಬಿದ ಈ ಸಂದರ್ಭದಲ್ಲಿ ಬೆಳಗಿನಿಂದ ದೊಡ್ಡ ದೊಡ್ಡ ವಿಚಾರಗಳನ್ನು ಕೇಳಿದ್ದೀರಿ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರಿಂದ ಹಿಡಿದು ಷೇರು ಬಂಡವಾಳ, ಸಾಲ ವಸೂಲಿ, ಅಡಿಕೆ ಧಾರಣೆ ಎಲ್ಲವೂ ಆಯಿತು. ನಾವು ಮಾತಾಡಲು ಬಂದಿರುವುದು ಒಂದು ಸಣ್ಣ ಫ್ಯಾನಿನ ಬಗ್ಗೆ. ನಗಬೇಡಿ. ಕಳೆದ ಮಹಾಸಭೆಯಲ್ಲಿ ಖರ್ಚಿನ ಪಟ್ಟಿ ಓದುವಾಗ ‘ಪಿಕಪ್ ಬ್ಲೋವರ್ ರಿಪೇರಿ’ ಎಂಬ ಬಾಬ್ತು ಬಂದಾಗ ಹಿರಿಯರೊಬ್ಬರು ಎದ್ದು, ‘ಗೊಬ್ಬರ ಹೊರುವ ಗಾಡಿಗೆ ಫ್ಯಾನು ಯಾಕೆ ಮಾರಾಯ್ರೆ, ಡ್ರೈವರಿಗೆ ಸೆಕೆಯಾಗ್ತದಾ?’ ಅಂತ ಕೇಳಿದರು. ಸಭೆ ನಕ್ಕಿತು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ದುಡ್ಡು ಸದಸ್ಯರದ್ದು, ಲೆಕ್ಕ ಕೇಳುವ ಹಕ್ಕು ಅವರದ್ದು. ಅದಕ್ಕೆ ಸರಿಯಾದ ಉತ್ತರ ಕೊಡಬೇಕು ಎಂದೇ ಉಪಸಮಿತಿಯ ನಾವು ಮೂವರು ಸೇರಿ ಇದನ್ನು ಬರೆದುಕೊಂಡು ಬಂದಿದ್ದೇವೆ. ನಮ್ಮಲ್ಲಿ ಒಬ್ಬರು ಗಾಡಿ ಓಡಿಸುವವರು, ಒಬ್ಬರು ಪಂಪ್‌ಸೆಟ್ ಮೋಟಾರ್ ಕಟ್ಟುವವರು, ಇನ್ನೊಬ್ಬರು ಐಟಿಐಯಲ್ಲಿ ಕಲಿತವರು.

ಮೊದಲು, ಈ ಫ್ಯಾನು ಇರುವುದು ಯಾತಕ್ಕೆ? ಇದು ಗಾಳಿ ಹಾಕಿಕೊಳ್ಳುವ ಫ್ಯಾನಲ್ಲ. ಇಂಜಿನ್ ಬಿಸಿಯಾದಾಗ ಅದರ ಬಿಸಿನೀರು ಡ್ಯಾಶ್‌ಬೋರ್ಡ್ ಒಳಗಿರುವ ಒಂದು ಚಿಕ್ಕ ರೇಡಿಯೇಟರಿಗೆ ಹರಿದು ಬರುತ್ತದೆ. ಅದೇ ಹೀಟರ್. ಈ ಫ್ಯಾನು, ಅಂದರೆ ಬ್ಲೋವರ್, ಹೊರಗಿನ ಗಾಳಿಯನ್ನು ಎಳೆದು ಆ ಬಿಸಿ ಜಾಲರಿಯ ಮೂಲಕ ದಾಟಿಸಿ ಮುಂದಿನ ಗ್ಲಾಸಿನ ಬುಡಕ್ಕೆ ಊದುತ್ತದೆ. ಮಳೆಗಾಲದಲ್ಲಿ ಕ್ಯಾಬಿನ್ನಿನಲ್ಲಿ ಮೂರು ಜನ ಒದ್ದೆ ಬಟ್ಟೆಯಲ್ಲಿ ಕೂತರೆ, ಕಿಟಕಿ ಏರಿಸಿದ ಸ್ವಲ್ಪ ಹೊತ್ತಿಗೆ ಗ್ಲಾಸು ಒಳಗಿನಿಂದ ಬೆಳ್ಳಗಾಗುತ್ತದೆ. ಅದು ಹೊರಗಿನ ಮಂಜಲ್ಲ, ನಮ್ಮದೇ ಉಸಿರು, ನಮ್ಮದೇ ಕಂಬಳಿಯ ತೇವ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಿನ ಆವಿ ಹಿಡಿದುಕೊಳ್ಳುತ್ತದೆ. ಅದೇ ಗಾಳಿ 30 ಡಿಗ್ರಿಗೆ ಬಿಸಿಯಾದರೆ ಸುಮಾರು 30 ಗ್ರಾಂ ಹಿಡಿಯಬಲ್ಲದು. ಹಾಗಾಗಿ ಬಿಸಿಗಾಳಿ ಬಡಿದ ಗ್ಲಾಸಿನ ತೇವ ಗಾಳಿಗೆ ಸೇರಿಕೊಂಡು ಹೋಗುತ್ತದೆ, ಗ್ಲಾಸೂ ಬೆಚ್ಚಗಾಗಿ ಮತ್ತೆ ಬೆವರುವುದಿಲ್ಲ. ಒದ್ದೆ ಅಡಿಕೆಯನ್ನು ಅಟ್ಟದ ಮೇಲೆ ಬೆಂಕಿ ಹಾಕಿ ಒಣಗಿಸುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬಯಲುಸೀಮೆಯ ಗಾಡಿಗೆ ಇದು ಇಲ್ಲದಿದ್ದರೂ ನಡೆದೀತು. ನಮಗೆ ನಡೆಯುವುದಿಲ್ಲ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಆಗುಂಬೆ ನಮ್ಮ ಮಗ್ಗುಲಲ್ಲೇ ಇದೆ. ಊರಿನಲ್ಲಿ ರಾತ್ರಿ ಯಾರಿಗಾದರೂ ಜೋರಾದರೆ, ಆಂಬುಲೆನ್ಸ್ ಬರುವುದು ತಡವಾದರೆ, ಹೊರಡುವುದು ಸಂಘದ ಪಿಕಪ್ಪೇ. ಹೋಗುವುದು ಘಾಟಿ ಇಳಿದು ಮಣಿಪಾಲಕ್ಕೆ. ಹೋದ ವರ್ಷ ಆಷಾಢದಲ್ಲಿ ಒಬ್ಬ ಬಾಣಂತಿಯನ್ನು ಹಾಗೆ ಕರೆದುಕೊಂಡು ಹೋದದ್ದು ನಿಮಗೆಲ್ಲ ಗೊತ್ತು. ಆ ರಾತ್ರಿ ಬ್ಲೋವರ್ ತಿರುಗುತ್ತಿರಲಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಘಾಟಿಯ 14 ತಿರುವುಗಳನ್ನೂ, ಪಕ್ಕದಲ್ಲಿ ಕೂತವರು ಟವೆಲಿನಿಂದ ಗ್ಲಾಸು ಒರೆಸುತ್ತಾ, ಡ್ರೈವರು ಒರೆಸಿದ ಅಂಗೈಯಗಲದ ಜಾಗದಲ್ಲಿ ನೋಡುತ್ತಾ ಇಳಿದರು. ಬಾಣಂತಿ ಮಲಗಿದ್ದರಿಂದ ಕಿಟಕಿ ಇಳಿಸುವ ಹಾಗೂ ಇರಲಿಲ್ಲ. ಎದುರಿಂದ ಬಂದ ಬಸ್ಸಿನ ದೀಪ ಒದ್ದೆ ಗ್ಲಾಸಿನ ತುಂಬಾ ಹರಡಿ, ರಸ್ತೆ ಯಾವುದು ಕಣಿವೆ ಯಾವುದು ತಿಳಿಯದೆ ಗಾಡಿಯನ್ನು ಪೂರ್ತಿ ನಿಲ್ಲಿಸಬೇಕಾಯಿತು. ತಾಯಿ ಮಗು ಇಬ್ಬರೂ ಕ್ಷೇಮವಾಗಿದ್ದಾರೆ, ಅದು ದೇವರ ದಯೆ. ಆದರೆ ಆ ಫ್ಯಾನಿನ ರಿಪೇರಿಯನ್ನು ‘ಮಳೆಗಾಲ ಕಳೆಯಲಿ’ ಅಂತ ಮುಂದೂಡಬಾರದು ಅನ್ನುವುದು ನಮ್ಮ ಮೊದಲನೇ ಮಾತು.

ಈಗ ರೋಗದ ವಿಚಾರ. ಆ ಗಾಡಿಯ ಸ್ವಿಚ್ಚಿನಲ್ಲಿ ನಾಲ್ಕು ನಂಬರುಗಳಿವೆ. ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಒಂದೇ ಮಳೆಗಾಲದಲ್ಲಿ ಎರಡು ಸಲ ರೆಸಿಸ್ಟರ್ ಎಂಬ ಭಾಗವನ್ನು ಬದಲಾಯಿಸಿ ಕೊಟ್ಟರು. ಎರಡು ಸಲವೂ ಕೆಲವು ವಾರಕ್ಕೆ ಅದೇ ಕಥೆ: ಒಂದು, ಎರಡು, ಮೂರನೇ ನಂಬರಿನಲ್ಲಿ ಫ್ಯಾನು ಸತ್ತುಹೋಯಿತು, ನಾಲ್ಕನೆಯದರಲ್ಲಿ ಮಾತ್ರ ತಿರುಗುತ್ತಿತ್ತು. ಕಡೆಗೆ ಅದೂ ನಿಂತಿತು. ಆಗ ಅವರು ಪೂರ್ತಿ ಮೋಟಾರು, ಸ್ವಿಚ್ಚು, ವೈರಿಂಗ್ ಎಲ್ಲ ಹೊಸತು ಹಾಕಬೇಕು ಅಂದರು. ನಾವು ಗಾಡಿಯನ್ನು ವಾಪಸು ತಂದು ಸಂಘದ ಗೋದಾಮಿನ ಎದುರು ಬಿಚ್ಚಿದೆವು.

ರೆಸಿಸ್ಟರ್ ಅಂದರೇನು ಅಂತ ಹೇಳಿದರೆ ಅರ್ಧ ರೋಗ ತಿಳಿದ ಹಾಗೆ. ಹಿಂದೆ ನಮ್ಮ ಮನೆಗಳ ಸೀಲಿಂಗ್ ಫ್ಯಾನಿಗೆ ಗೋಡೆಯ ಮೇಲೆ ದೊಡ್ಡ ಪೆಟ್ಟಿಗೆಯಂಥ ರೆಗ್ಯುಲೇಟರ್ ಇರುತ್ತಿತ್ತಲ್ಲ, ಒಂದನೇ ನಂಬರಿನಲ್ಲಿಟ್ಟರೆ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು, ಅದೇ ಜಾತಿ. ಒಳಗೆ ಸುರುಳಿ ತಂತಿಗಳು. ನಿಧಾನ ವೇಗದಲ್ಲಿ ಕರೆಂಟು ಎಲ್ಲ ಸುರುಳಿ ದಾಟಿ ಬರಬೇಕು, ವೇಗ ಏರಿಸಿದಂತೆ ಸುರುಳಿ ಕಡಿಮೆ, ನಾಲ್ಕನೆಯದರಲ್ಲಿ ಸುರುಳಿಯೇ ಇಲ್ಲ, ನೇರ ದಾರಿ. ಆದ್ದರಿಂದಲೇ ರೆಸಿಸ್ಟರ್ ಸುಟ್ಟಾಗ ಕೊನೆಯ ನಂಬರ್ ಮಾತ್ರ ಉಳಿಯುತ್ತದೆ. ಇಂಜಿನ್ ಓಡುವಾಗ ಗಾಡಿಯಲ್ಲಿ ಸುಮಾರು 14 ವೋಲ್ಟ್ ಇರುತ್ತದೆ. ಒಂದನೇ ನಂಬರಿನಲ್ಲಿ ಮೋಟಾರಿಗೆ 4 ವೋಲ್ಟ್ ಸಿಕ್ಕಿ 4 ಆಂಪಿಯರ್ ಹರಿಯಿತು ಅನ್ನಿ. ಉಳಿದ 10 ವೋಲ್ಟನ್ನು ರೆಸಿಸ್ಟರ್ ನುಂಗಬೇಕು. ಅಂದರೆ 40 ವ್ಯಾಟ್ ಬಿಸಿ, ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ನಿನಷ್ಟು. ಈ ಬಿಸಿ ಎಲ್ಲಿ ಹೋಗಬೇಕು? ಅದಕ್ಕಾಗಿಯೇ ರೆಸಿಸ್ಟರನ್ನು ಫ್ಯಾನು ಊದುವ ಗಾಳಿಯ ದಾರಿಯಲ್ಲೇ ಕೂರಿಸಿರುತ್ತಾರೆ. ಫ್ಯಾನು ತನ್ನ ರೆಗ್ಯುಲೇಟರನ್ನು ತಾನೇ ತಂಪು ಮಾಡಿಕೊಳ್ಳುವ ಏರ್ಪಾಡು. ಗಾಳಿ ನಿಂತರೆ ಬಿಸಿ ಏರಿ, ಅದರೊಳಗಿನ ಚಿಕ್ಕ ಉಷ್ಣ ಫ್ಯೂಸು ಕರಗುತ್ತದೆ. ಬೆಂಕಿಯಾಗದಿರಲಿ ಅಂತಲೇ ಅದನ್ನು ಇಟ್ಟಿರುವುದು.

ಹಾಗಾದರೆ ಎರಡು ಸಲ ಸುಟ್ಟ ರೆಸಿಸ್ಟರ್ ಏನು ಹೇಳುತ್ತಿತ್ತು? ‘ನನಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಮೋಟಾರು ಅಳತೆ ಮೀರಿ ಕರೆಂಟು ಎಳೆಯುತ್ತಿದೆ’ ಅಂತ. ಅದನ್ನು ಕೇಳದೆ ಮೂರನೆಯದನ್ನು ಹಾಕಿದರೆ ಅದೂ ಸುಡುತ್ತದೆ. ಪಂಪ್‌ಸೆಟ್ಟಿನ ಫ್ಯೂಸು ಪದೇ ಪದೇ ಹೋಗುವಾಗ ಬರೀ ಫ್ಯೂಸು ಕಟ್ಟುತ್ತಾ ಕೂರುವವರು ನಮ್ಮಲ್ಲೂ ಇದ್ದಾರೆ, ಬಿಡಿ.

ಬ್ಯಾಟರಿಯ ನೆಗೆಟಿವ್ ವೈರು ಕಳಚಿ, ಎಡಗಡೆಯ ಪೆಟ್ಟಿಗೆಯ ಕೆಳಗಿಂದ ಮೋಟಾರನ್ನು ಮೂರು ಸ್ಕ್ರೂ ಬಿಚ್ಚಿ ಇಳಿಸಿದೆವು. ಕೆಳಗೆ ಸುರಿದದ್ದು ಏನು ಅಂತೀರಿ: ಒಣಗಿದ ಹಲಸಿನ ಎಲೆ, ಗೋಣಿಚೀಲದ ನಾರು, ಭತ್ತದ ಹೊಟ್ಟು, ಇಲಿಯ ಗೂಡು. ಗಾಡಿ ನಿಲ್ಲುತ್ತಿದ್ದುದು ಗೋದಾಮಿನ ಎದುರಿನ ಹಲಸಿನ ಮರದ ಕೆಳಗೆ. ಗ್ಲಾಸಿನ ಬುಡದಲ್ಲಿ ಬಾನೆಟ್ಟಿನ ಹಿಂದೆ ಇರುವ ಜಾಲರಿಯ ಸಂದಿನಿಂದಲೇ ಬ್ಲೋವರ್ ಗಾಳಿ ಎಳೆಯುವುದು. ಎಲೆ ಅಲ್ಲಿಂದ ಇಳಿಯಿತು, ಗೋದಾಮಿನ ಇಲಿಗೂ ಅದೇ ಬಾಗಿಲಾಯಿತು. ಈ ಕಸ ಎರಡು ಕೆಡುಕು ಮಾಡಿತ್ತು. ಗಾಳಿ ಕಡಿಮೆಯಾಗಿ ರೆಸಿಸ್ಟರ್ ಬೇಯುತ್ತಿತ್ತು. ಅಲ್ಲದೆ ನಾರು ಚಕ್ರಕ್ಕೂ ಪೆಟ್ಟಿಗೆಗೂ ನಡುವೆ ಸಿಕ್ಕಿಕೊಂಡು ಬ್ರೇಕು ಹಾಕಿದಂತೆ ಮೋಟಾರನ್ನು ಹಿಡಿಯುತ್ತಿತ್ತು. ಬುಷ್ ಕೂಡ ಒಣಗಿತ್ತು, ಕೈಯಲ್ಲಿ ತಿರುಗಿಸಿದರೆ ಒಂದು ಸುತ್ತೂ ತಾನಾಗಿ ಹೋಗುತ್ತಿರಲಿಲ್ಲ. ಹಿಡಿದ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ ಎಂಬುದು ಪಂಪ್‌ಸೆಟ್ ಇಟ್ಟುಕೊಂಡ ಎಲ್ಲರಿಗೂ ಗೊತ್ತಿದೆ.

ಇಲ್ಲಿ ಒಂದು ಎಚ್ಚರಿಕೆ. ಇಲಿಯ ಗೂಡನ್ನು ಒಣಗಿದ್ದಾಗಲೇ ಬ್ರಷ್ ಹಾಕಿ ಉಜ್ಜಬೇಡಿ, ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಇಲಿಜ್ವರ ನಮ್ಮ ಮಲೆನಾಡಿಗೆ ಹೊಸದಲ್ಲ, ಅದು ಹರಡುವುದು ಇಲಿಯ ಮೂತ್ರದಿಂದ. ಕೈಗೆ ರಬ್ಬರ್ ಗ್ಲೌಸು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬ್ಲೀಚಿಂಗ್ ಪೌಡರ್ ನೀರು ಚಿಮುಕಿಸಿ ಒದ್ದೆ ಮಾಡಿ, ಆಮೇಲೆ ತೆಗೆದು ಮಣ್ಣಿನಲ್ಲಿ ಹೂಳಿ. ಕೈಯಲ್ಲಿ ಗಾಯವಿದ್ದವರು ಮುಟ್ಟುವುದೇ ಬೇಡ. ಮೋಟಾರಿನ ಮೇಲೆ ಮಾತ್ರ ನೀರು ಬೀಳದಂತೆ ನೋಡಿಕೊಳ್ಳಬೇಕು.

ಇನ್ನು ಕೊನೆಗೆ ನಾಲ್ಕನೇ ನಂಬರೂ ನಿಂತದ್ದು ಯಾಕೆ? ಇಲ್ಲಿಯೇ ಪರೀಕ್ಷೆ ಬೇಕಾದದ್ದು, ಅಂದಾಜು ಅಲ್ಲ. ಬ್ಯಾಟರಿ ವೈರನ್ನು ಮತ್ತೆ ಜೋಡಿಸಿ, 12 ವೋಲ್ಟಿನ ಒಂದು ಬಲ್ಬಿಗೆ ಎರಡು ವೈರು ಬೆಸೆದ ಟೆಸ್ಟ್ ಲ್ಯಾಂಪ್ ತೆಗೆದುಕೊಂಡೆವು. ಮೊದಲು ಫ್ಯೂಸ್ ನೋಡಿದೆವು, ಸರಿಯಿತ್ತು. ನಮ್ಮ ಗಾಡಿಯಲ್ಲಿ ಕೀಲಿ ತಿರುಗಿಸಿದ ಕೂಡಲೇ ಮೋಟಾರಿನ ಒಂದು ವೈರಿಗೆ ಕರೆಂಟು ಬಂದು ನಿಂತಿರುತ್ತದೆ. ಸ್ವಿಚ್ಚು ಮಾಡುವುದು ಅರ್ತ್ ಕಡೆಯ ದಾರಿ ತೆರೆಯುವ ಕೆಲಸ. ಲ್ಯಾಂಪಿನ ಒಂದು ತುದಿ ಬಾಡಿಗೆ, ಇನ್ನೊಂದು ತುದಿ ಮೋಟಾರಿನ ಕಪ್ಲರಿನ ಆ ವೈರಿಗೆ ಕೊಟ್ಟಾಗ ಲ್ಯಾಂಪ್ ಚೆನ್ನಾಗಿ ಉರಿಯಿತು. ಅಲ್ಲಿಯವರೆಗೆ ಬ್ಯಾಟರಿ, ಫ್ಯೂಸು, ರಿಲೇ ಎಲ್ಲ ಸರಿ ಎಂದಾಯಿತು. ಆಮೇಲೆ ಮೋಟಾರಿನ ಇನ್ನೊಂದು ವೈರಿಗೆ ಬೇರೆ ದಪ್ಪ ವೈರಿನಿಂದ ಬ್ಯಾಟರಿಯ ನೆಗೆಟಿವ್ ನೇರ ಕೊಟ್ಟೆವು. ಮೋಟಾರು ತಿರುಗಿತು. ಹೊಸ ಮೋಟಾರು ಬೇಕಾಗಿಲ್ಲ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು. ಉಳಿದದ್ದು ರೆಸಿಸ್ಟರಿನ ಕಪ್ಲರ್, ಸ್ವಿಚ್ಚು, ಅರ್ತ್. ಕಪ್ಲರ್ ಎಳೆದು ನೋಡಿದರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿ ಕರಗಿತ್ತು. ಡ್ಯಾಶಿನ ಕೆಳಗೆ ಅರ್ತ್ ವೈರನ್ನು ಬಾಡಿಗೆ ಕಟ್ಟಿದ ಬೋಲ್ಟು ತುಕ್ಕು ಹಿಡಿದು ಹಸಿರು ಪುಡಿ ಬಂದಿತ್ತು.

ಬರೀ ಮೀಟರನ್ನು ನಂಬಿ ಮೋಸಹೋಗಬಾರದು. ತುಕ್ಕು ಹಿಡಿದ ಜಾಯಿಂಟಿನ ಆಚೆಯೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರು ಎಳೆಯುವ ಕರೆಂಟು ಇರುವೆಯಷ್ಟು. ಗೇಟ್‌ವಾಲ್ವ್ ಮುಚ್ಚಿದಾಗ ಅರ್ಧ ಕಟ್ಟಿಕೊಂಡ ಪೈಪಿನಲ್ಲೂ ಪ್ರೆಷರ್ ಪೂರ್ತಿ ಇರುತ್ತದೆ, ವಾಲ್ವ್ ತೆರೆದಾಗಲ್ಲವೇ ನೀರಿನ ಯೋಗ್ಯತೆ ಗೊತ್ತಾಗುವುದು. ಹಾಗಾಗಿ ಬಲ್ಬು ಉರಿಸಿ ನೋಡಬೇಕು, ಅಥವಾ ಫ್ಯಾನು ತಿರುಗುತ್ತಿರುವಾಗಲೇ ಅರ್ತ್ ವೈರಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಮೀಟರ್ ಹಿಡಿಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಜಾಯಿಂಟು ಕೆಟ್ಟಿದೆ. ಒಂದು ಓಮಿನ ಹತ್ತನೇ ಒಂದು ಭಾಗದಷ್ಟು ತುಕ್ಕಿನ ಅಡ್ಡಿ ಇದ್ದರೂ 10 ಆಂಪಿಯರ್ ಹರಿಯುವಾಗ 1 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, 10 ವ್ಯಾಟ್ ಬಿಸಿ ಆ ಒಂದೇ ಜಾಗದಲ್ಲಿ ಹುಟ್ಟುತ್ತದೆ. ಕಪ್ಲರ್ ಕರಗುವುದು ಹೀಗೆಯೇ.

ಬೋಲ್ಟನ್ನು ಮರಳು ಕಾಗದದಿಂದ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಗ್ರೀಸು ಹಚ್ಚಿದೆವು. ಕರಗಿದ ಕಪ್ಲರನ್ನು ಕತ್ತರಿಸಿ, ಅಷ್ಟೇ ದಪ್ಪದ ವೈರು ಇರುವ ಹೊಸ ಕಪ್ಲರ್ ಹಾಕಿದೆವು. ಬರೀ ವೈರು ತಿರುಚಿ ಟೇಪು ಸುತ್ತುವುದು ನಮ್ಮ ಪ್ರಕಾರ ರಿಪೇರಿಯೇ ಅಲ್ಲ. ಚಕ್ರ ತೊಳೆದು ಒಣಗಿಸಿ, ಬುಷ್‌ಗೆ ಎರಡು ಹನಿ ತೆಳು ಎಣ್ಣೆ ಬಿಟ್ಟೆವು. ಎರಡೇ ಹನಿ, ಹೆಚ್ಚಾದರೆ ಕಾರ್ಬನ್ನಿಗೆ ಹರಿದು ಅದನ್ನು ಕೆಡಿಸುತ್ತದೆ. ಕೊನೆಗೆ ಹೊಸ ರೆಸಿಸ್ಟರ್. ಆವತ್ತಿನಿಂದ ಈವತ್ತಿನವರೆಗೆ ನಾಲ್ಕೂ ನಂಬರು ನಡೆಯುತ್ತಿವೆ. ಸಭೆಯಲ್ಲಿ ಓದಿದ ಬಿಲ್ಲಿನಲ್ಲಿ ಮೋಟಾರಿನ ಬೆಲೆ ಇಲ್ಲದಿರುವುದನ್ನು ದಯವಿಟ್ಟು ಗಮನಿಸಬೇಕು.

ಈಗ ಸದಸ್ಯರ ಪೈಕಿ ಪಿಕಪ್ಪು, ಜೀಪು ಇಟ್ಟುಕೊಂಡವರು ಬಹಳ ಇದ್ದೀರಿ. ಎಲ್ಲರ ರೋಗವೂ ಇದೇ ಆಗಿರಬೇಕಿಲ್ಲ. ಕೆಳಗಿನ ನಂಬರುಗಳು ನಡೆದು ಕೊನೆಯದು ಮಾತ್ರ ನಡೆಯದಿದ್ದರೆ ರೆಸಿಸ್ಟರನ್ನು ಬೈಯಬೇಡಿ, ಅದು ಸ್ವಿಚ್ಚಿನ ಕೊನೆಯ ಪಾಯಿಂಟೋ, ಆ ವೇಗಕ್ಕೆ ಬೇರೆ ರಿಲೇ ಇದ್ದರೆ ಆ ರಿಲೇಯೋ ಆಗಿರುತ್ತದೆ. ಹೊಂಡಕ್ಕೆ ಇಳಿದಾಗ ಫ್ಯಾನು ಶುರುವಾಗುವುದು, ಡ್ಯಾಶಿಗೆ ಗುದ್ದಿದರೆ ತಿರುಗುವುದು ಇದ್ದರೆ ಕಾರ್ಬನ್ ಸವೆದಿರುವ ಸಂಭವವೇ ಜಾಸ್ತಿ. ಗುದ್ದಿ ಗುದ್ದಿ ಒಂದು ಮಳೆಗಾಲ ದಾಟಿಸಿದವರನ್ನೂ ಕಂಡಿದ್ದೇವೆ. ಹೊರಟಾಗ ಕೀಚಲು ಸದ್ದು ಬಂದರೆ ಬುಷ್, ಕಟಕಟ ಅಂದರೆ ಎಲೆ ಕಡ್ಡಿ. ಫ್ಯಾನು ಚೆನ್ನಾಗಿ ಊದುತ್ತಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ಅದು ಫ್ಯಾನಿನ ಪ್ರಶ್ನೆಯೇ ಅಲ್ಲ. ಕೂಲೆಂಟ್ ಇಳಿದಿರಬಹುದು, ಹೀಟರಿನ ಟ್ಯಾಪು ಮುಚ್ಚಿರಬಹುದು, ಇಲ್ಲವೇ ಯಾರೋ ಮೆಕ್ಯಾನಿಕ್ಕು ‘ಇಂಜಿನ್ ಹೀಟಾಗ್ತದೆ’ ಅಂತ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಕಿರಬಹುದು. ಈ ಕಡೆಯದು ನಮ್ಮಲ್ಲಿ ಬಲು ಕೆಟ್ಟ ಅಭ್ಯಾಸ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಚಳಿಯಲ್ಲಿ ಬೇಗ ಬಿಸಿಯೇರುವುದಿಲ್ಲ, ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ. ಕೂಲೆಂಟ್ ನೋಡುವಾಗ ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಗ್ಲಾಸಿನ ಮೇಲೆ ಒರೆಸಿದರೂ ಹೋಗದ ಜಿಡ್ಡು ಮಂಜು, ಸಿಹಿ ವಾಸನೆ ಬಂದರೆ ಹೀಟರೇ ಸೋರುತ್ತಿದೆ, ಗಾಡಿಯನ್ನು ವರ್ಕ್‌ಶಾಪಿಗೆ ಒಯ್ಯಿರಿ. ಈಗಿನ ಕೆಲವು ಹೊಸ ಗಾಡಿಗಳಲ್ಲಿ ಸುರುಳಿಯ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ, ಅದಕ್ಕೆ ಬಲ್ಬು ಹಿಡಿದು ಪರೀಕ್ಷೆ ಮಾಡಲು ಹೋಗಬೇಡಿ. ಏರ್‌ಬ್ಯಾಗ್ ಇರುವ ಗಾಡಿಯ ಡ್ಯಾಶನ್ನು ಗೊತ್ತಿಲ್ಲದೆ ಬಿಚ್ಚಲೂಬೇಡಿ.

ಫ್ಯೂಸಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ. ಫ್ಯೂಸು ಹೋದರೆ ಅದೇ ಅಳತೆಯದ್ದು ಹಾಕಬೇಕು. ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ನೀಲಿಯ ಜಾಗಕ್ಕೆ ಹಸಿರು ಹಾಕುವುದು, ಸಿಗರೇಟಿನ ಬೆಳ್ಳಿಕಾಗದ ಸುತ್ತುವುದು, ವೈರಿನ ಎಳೆ ಸಿಕ್ಕಿಸುವುದು ಜಾಣತನ ಅಲ್ಲ. ಫ್ಯೂಸು ಸುಡದಿದ್ದರೆ ಅದರ ಬದಲು ವೈರು ಸುಡುತ್ತದೆ, ವೈರಿನ ಸುತ್ತ ಇರುವುದು ಪ್ಲಾಸ್ಟಿಕ್ಕು, ಫೋಮು. ಹಿಂದೆ ಗೋಣಿಚೀಲ, ಒಳಗೆ ಮನುಷ್ಯರು.

ದಾರಿಯಲ್ಲೇ ಫ್ಯಾನು ಕೈಕೊಟ್ಟರೆ ಎರಡೂ ಕಡೆ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿ, ಒದ್ದೆ ಕಂಬಳಿ ಕೊಡೆಗಳನ್ನು ಹಿಂದಕ್ಕೆ ಹಾಕಿ. ಗಾಳಿಯ ಲಿವರ್ ‘ಒಳಗಿನ ಗಾಳಿ’ ಕಡೆ ಇದ್ದರೆ ‘ಹೊರಗಿನ ಗಾಳಿ’ಗೆ ತಿರುಗಿಸಿ, ಗಾಡಿ ಓಡುವಾಗ ಸ್ವಲ್ಪವಾದರೂ ಗಾಳಿ ತಾನಾಗಿ ಬರುತ್ತದೆ. ಮೊದಲೇ ಒಣ ಗ್ಲಾಸಿನ ಒಳಮೈಗೆ ಸೋಪನ್ನು ತೆಳ್ಳಗೆ ಹಚ್ಚಿ ಒಣಬಟ್ಟೆಯಲ್ಲಿ ಉಜ್ಜಿಟ್ಟರೆ ಮಂಜು ಕೂರುವುದು ಕಡಿಮೆ. ಒರೆಸುವ ಕೆಲಸ ಪಕ್ಕದವರದ್ದು, ಡ್ರೈವರ್ ಒಬ್ಬರೇ ಇದ್ದರೆ ಗಾಡಿ ನಿಲ್ಲಿಸಿ ಒರೆಸಲಿ, ಹತ್ತು ನಿಮಿಷ ತಡವಾದರೆ ಆಗಲಿ.

ಸಂಘದ ಮಟ್ಟಿಗೆ ಮೂರು ಕೆಲಸ ಆಗಿದೆ. ಗಾಡಿ ಈಗ ಹಲಸಿನ ಮರ ಬಿಟ್ಟು ಶೆಡ್ಡಿನಲ್ಲಿ ನಿಲ್ಲುತ್ತಿದೆ. ಗಾಳಿ ಎಳೆಯುವ ಸಂದಿಗೆ ಕಾಲಿಂಚು ಕಣ್ಣಿನ ತಂತಿಬಲೆ ಕೂರಿಸಿದ್ದೇವೆ. ಸೊಳ್ಳೆಪರದೆಯ ಬಲೆ ಹಾಕಿದರೆ ಧೂಳು ಕಟ್ಟಿ ಗಾಳಿಯೇ ನಿಲ್ಲುತ್ತದೆ, ಆದ್ದರಿಂದ ಅದು ಬೇಡ. ಒಂದು ರೆಸಿಸ್ಟರ್, ಒಂದು ರಿಲೇ, ನಾಲ್ಕು ಫ್ಯೂಸು ಮತ್ತು ಟೆಸ್ಟ್ ಲ್ಯಾಂಪನ್ನು ಡಬ್ಬದಲ್ಲಿ ಹಾಕಿ ಸೀಟಿನ ಕೆಳಗೆ ಇಟ್ಟಿದ್ದೇವೆ. ನಾಲ್ಕನೆಯ ಕೆಲಸಕ್ಕೆ ಆಡಳಿತ ಮಂಡಳಿಯ ಒಪ್ಪಿಗೆ ಬೇಕು: ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ, ವೈಪರ್ ಬ್ಲೇಡು, ಬ್ಲೋವರ್, ದೀಪ, ಟಯರು ಇಷ್ಟನ್ನು ನೋಡಿ ಬರೆದಿಡುವ ಒಂದು ಪುಸ್ತಕ ಗಾಡಿಗೆ ಇರಬೇಕು. ಬರೆದದ್ದನ್ನು ಮಹಾಸಭೆಯಲ್ಲಿ ಓದಬೇಕು. ಅಧ್ಯಕ್ಷರು ಇದನ್ನು ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದು ಈ ಮೂಲಕ ಕೇಳಿಕೊಳ್ಳುತ್ತೇವೆ.

ಊಟವಾದ ಮೇಲೆ ಪಿಕಪ್ಪನ್ನು ಗೋದಾಮಿನ ಹಿಂದೆ ಬಾನೆಟ್ ತೆರೆದು ನಿಲ್ಲಿಸಿರುತ್ತೇವೆ. ಸುಟ್ಟ ಎರಡು ರೆಸಿಸ್ಟರುಗಳೂ, ಕರಗಿದ ಕಪ್ಲರೂ ಅಲ್ಲೇ ಮೇಜಿನ ಮೇಲಿವೆ. ಟೆಸ್ಟ್ ಲ್ಯಾಂಪನ್ನು ನಿಮ್ಮ ಕೈಗೇ ಕೊಡುತ್ತೇವೆ. ಮಹಾಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯರು ಮೊದಲು ಬರಬೇಕು.